ನಂದಿ ಇಲ್ಲದ ಗುಡಿ

“ನಂದೀನಽ ಇಲ್ಲಲ್ರೀ ಮಾಸ್ತರ!” ಎಂದರು ಬಾಪೂಸಾಹೇಬರು, ಕೊರಳಿನ ಕ್ಯಾಮರಾ ಸರಿಮಾಡಿಕೊಳ್ಳುತ್ತ. “ಶಿವನ ಗುಡಿ, ನಂದಿ ಇಲ್ಲ. ಹ್ಯಾಂಗ?”

ಧನಪಾಲನಿಗೆ ಈ ಕಥೆ ಬಾಯಿಪಾಠ. ಕೊಲ್ಲಾಪುರದಲ್ಲಿ ಇತಿಹಾಸದ ಮಾಸ್ತರ. ಖಿದ್ರಾಪುರದ ಕೋಪೇಶ್ವರನನ್ನು ನೋಡಬೇಕೆಂದವರಿಗೆಲ್ಲ ಹೇಳಿ ಹೇಳಿ ನಾಲಿಗೆ ಸವೆದಿತ್ತು. ಮೇಲಾಗಿ ಇದು ಹೆಂಡತಿಯ ತವರೂರು.

“ಸತಿ ನಂದೀ ಮ್ಯಾಲೆ ಕುಂತು ತವರಿಗೆ ಹೋದ್ಲರಿ, ಹೊಳೀ ಆಚೆ ಯಡೂರಿಗೆ. ಇವ ಇಲ್ಲೇ ಸಿಟ್ಟು ಮಾಡ್ಕೊಂಡ ಕುಂತ.”

“ಹೇಣ್ತಿ ತಿರುಗಿ ಬರಲೇ ಇಲ್ಲ?”

“ಬರಲಿಲ್ರಿ.”

ಬಾಪೂಸಾಹೇಬರು ಹೊಟ್ಟೆ ಕುಣಿಸಿ ನಕ್ಕರು. ಧನಪಾಲನೂ ನಕ್ಕ. ಶಾಲೆಗಳ ಇನ್‌ಸ್ಪೆಕ್ಟರು ನಕ್ಕಮೇಲೆ ಮಾಸ್ತರನಾದವನು ನಗದಿದ್ದರೆ ಹೇಗೆ? ಕಂಬದ ಬಳಿ ನಿಂತಿದ್ದ ಅವನ ಹೆಂಡತಿ ಶಾಲನ ನಗಲಿಲ್ಲ.

ದೀಪಾವಳಿಯ ಸುಮಾರಿಗೆ ಮಗಳು ಇದೇ ಊರಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಪರೀಕ್ಷೆಯ ಪೇಪರು ತಿದ್ದಿ ಮುಗಿಸಿ ಧನಪಾಲ ಬರುವಷ್ಟರಲ್ಲಿ ಕೂಸನ್ನು ಹೊಳೆದಂಡೆಯ ಮಣ್ಣಿಗೆ ಕೊಟ್ಟು ಎಲ್ಲರೂ ಕೈಕಾಲು ತೊಳೆದುಕೊಂಡಾಗಿತ್ತು. ಅಂದಿನಿಂದ ಶಾಲನ ಕೊಲ್ಲಾಪುರಕ್ಕೆ ಕಾಲಿಟ್ಟಿಲ್ಲ. ಬಂದು ಕರೆಯುವ ಧೈರ್ಯ ಇವನಿಗೆಲ್ಲಿಯದು? ಸಾಹೇಬರಿಗೆ ಗುಡಿ ತೋರಿಸುವ ನೆಪ ಸಿಕ್ಕಿತು, ಬಂದ. ಎಂಥ ಶೂರ!

ಬೆಳಿಗ್ಗೆ ಅತ್ತೆ ಚಂಪಾಬಾಯಿ ಚಹಾ ಕೊಡುತ್ತ ಪಿಸುಗುಟ್ಟಿದ್ದರು: “ಬರ್ತೇನಿ ಅಂದಾಳ. ಗಂಟು ಕಟ್ಯಾಳ. ಗುಡಿ ನೋಡಿ ಹಂಗಽ ಕರ್ಕೊಂಡ ಹೋಗ್ರಿ.” ಗಂಟು ಈಗ ಹೊರಗೆ ಚಕ್ಕಡಿಯಲ್ಲಿತ್ತು. ಅದರಿಂದ ಮಗುವಿನ ಕುಂಚಿಗೆಯ ಕೆಂಪು ಗೊಂಡೆ ಇಣುಕುತ್ತಿತ್ತು. ಧನಪಾಲ ನೋಡಿಯೂ ನೋಡದವನಂತೆ ಎತ್ತಿನ ಬೆನ್ನು ಸವರಿದ್ದ.

ಅವಳು ಬಂದರೆ ಸಾಕು, ಅವನಿಗೆ ಬೇರೇನೂ ಬೇಡವಾಗಿತ್ತು. ಮನೆಯಲ್ಲಿ ತೊಟ್ಟಿಲ ಹಗ್ಗ ಕಂಡಾಗೆಲ್ಲ ಎದ್ದು ಅಂಗಳಕ್ಕೆ ಹೋಗುತ್ತಿದ್ದ. ಹೇಳಿಕೊಳ್ಳಲು ಜಗತ್ತಿನಲ್ಲಿ ಅವಳೊಬ್ಬಳೇ ಇದ್ದಳು.

ಸ್ವರ್ಗಮಂಟಪದ ಚಾವಣಿ ನಡುವೆ ದುಂಡಗೆ ಬಯಲಾಗಿದೆ. ಕೆಳಗಿನ ದುಂಡು ಹಾಸುಗಲ್ಲಿನ ಮೇಲೆ ಚೈತ್ರದ ನಡುಹಗಲಿನ ಬಿಸಿಲು ಬಿದ್ದಿತ್ತು. ಸಾಹೇಬರು ಕತ್ತೆತ್ತಿ ಆಕಾಶ ನೋಡುತ್ತಲೇ ಕೇಳಿದರು:

“ಅಂದ್ಹಾಂಗ ಮಾಸ್ತರ, ಮುಲಂ-ಬಾಳಂ? ಮಕ್ಕಳೆಷ್ಟ?”

ಹೇಳಿದರೆ ಅಯ್ಯೋ ಎನ್ನುತ್ತಾರೆ. ಹೇಗಾಯಿತು, ಯಾವ ಡಾಕ್ಟರು ಎನ್ನುತ್ತಾರೆ. ಅವಳೆದುರು ಅದೆಲ್ಲ ಬೇಡ. ಹೀಗೆ ಲೆಕ್ಕ ಹಾಕುವಷ್ಟರಲ್ಲಿ ನಾಲಿಗೆ ಉತ್ತರ ಕೊಟ್ಟೇಬಿಟ್ಟಿತ್ತು.

“ಇನ್ನೂ ಇಲ್ರಿ.”

“ಆಗತಾವ, ಆಗತಾವ! ವಯಸ್ಸೈತಿ,” ಎನ್ನುತ್ತ ಸಾಹೇಬರು ಹೊರಗೋಡೆಯ ಸೊಂಡಿಲು ಮುರಿದ ಕಲ್ಲಾನೆಗಳತ್ತ ನಡೆದರು.

ಶಾಲನ ಹತ್ತಿರ ಬಂದಳು. ಅವಳ ದನಿ ಏರಲಿಲ್ಲ.

“ಅಕೀ ಹೆಸರ ಒಮ್ಮೆ ಹೇಳ್ರಿ.”

“ಶಾಲನ, ಸಾಹೇಬ್ರು ಇಲ್ಲೇ…”

“ಒಮ್ಮೆ ಹೇಳ್ರಿ. ಚಕ್ಕಡಿ ಏರತೇನಿ.”

ಹೆಸರು ಗಂಟಲಿಗೆ ಬಂತು. ಅದರ ಬೆನ್ನಿಗೇ ಅಳು ಬಂತು. ಸಾಹೇಬರ ಬೂಟಿನ ಸದ್ದು ಹಿಂದಿರುಗುತ್ತಿತ್ತು. ಅವನು ಎರಡನ್ನೂ ನುಂಗಿದ.

“ಮನಿಗೆ ಹೋಗಿ ಮಾತಾಡೂಣು.”

“ಯಾರ ಮನಿಗ್ರಿ?”

ಸೆರಗು ಹೊದ್ದು ಹೊರಟುಹೋದಳು.

“ಮಾಸ್ತರ, ಒಂದ ಫೋಟೋ!” ಸಾಹೇಬರಿಗೆ ಉಮೇದು ಬಂದಿತ್ತು. “ಲಡಾಯೀ ದೆಸಿಂದ ಫಿಲ್ಮ ಸಿಗವಲ್ದು, ಒಂದಽ ಉಳದೈತಿ. ಬರ್ರಿ, ಈ ಕಲ್ಲಿನ ಮ್ಯಾಲೆ. ಬಾಯೀಸಾಹೇಬರನ್ನೂ ಕರೀರಿ.”

“ಬರತಾಳ್ರಿ.”

ಕಂಬಗಳ ನಡುವೆ ಚಕ್ಕಡಿ ಕಾಣುತ್ತಿತ್ತು. ಅವಳು ಕುಂಚಿಗೆಯನ್ನು ಒಳಗೆ ತುರುಕಲಿಲ್ಲ, ಹೊರತೆಗೆದು ಧೂಳು ಝಾಡಿಸಿದಳು. ಕೂಸನ್ನು ಎತ್ತಿಕೊಳ್ಳುವ ಹಾಗೆ ಗಂಟನ್ನು ಟೊಂಕಕ್ಕೇರಿಸಿ ತವರಿನ ಓಣಿಗೆ ತಿರುಗಿದಳು. ಹಿಂದೆ ನೋಡಲಿಲ್ಲ.

“ಸ್ವಲ್ಪ ಸರೀರಿ. ಬಾಜೂಕ ಜಾಗಾ ಬಿಡ್ರಿ.”

ಧನಪಾಲ ಸರಿದ.

“ಜಿನಮತಿ,” ಎಂದ.

“ಕಾಯ್?” ಸಾಹೇಬರು ಕ್ಯಾಮರಾದಿಂದ ತಲೆ ಎತ್ತಲಿಲ್ಲ.

“ಏನಿಲ್ರಿ.”

“ಹಂಗಾರ ಅಲಗಾಡಬ್ಯಾಡ್ರಿ. ಬಾಯೀಸಾಹೇಬರು ಬರೂತನಕ ಹಂಗಽ ನಿಲ್ರಿ. ಹಾಂ, ನಗ್ರಿ.”

ಪಕ್ಕದಲ್ಲಿ ಒಬ್ಬಳಷ್ಟು ಜಾಗ ಬಿಟ್ಟು ಧನಪಾಲ ನಗುತ್ತ ನಿಂತ. ಬಿಸಿಲು ಮೆಲ್ಲಗೆ ಕಲ್ಲಿನಿಂದ ಜಾರತೊಡಗಿತು.