ಆಟಿ ಕೂತ ಅಳಿಯ

ಗಂಡಸು ಆಟಿ ಕೂತದ್ದನ್ನು ನಾನು ನೋಡಿದ್ದು ನಮ್ಮ ಮನೆಯಲ್ಲೇ. ಬೇರೆಯವರ ಮನೆಯಲ್ಲಿ ಆಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ನಮ್ಮ ಕಡೆ ಮದುವೆಯಾದ ಮೊದಲ ವರ್ಷ, ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಿಗೆ ಹೊಸ ಹೆಣ್ಣು ತವರಿಗೆ ಹೋಗಿ ಇರಬೇಕು. ಅದಕ್ಕೆ ಆಟಿ ಕೂರುವುದು ಅನ್ನುತ್ತೇವೆ. ಆಟಿ ಮುಗಿದು ಸೋಣ ತಿಂಗಳು ಹುಟ್ಟಿದ ದಿನ ಗಂಡನ ಮನೆಯವರು ಬಂದು ಕರೆದುಕೊಂಡು ಹೋಗಬೇಕು. ಯಾರೂ ಕರೆಯಲು ಬಾರದೆ ಹೆಣ್ಣು ತಾನೇ ಚೀಲ ಹಿಡಿದು ಹೊರಟರೆ ಊರು ಸುಮ್ಮನಿರುವುದಿಲ್ಲ. ಈಗಿನ ಹುಡುಗಿಯರು ರಜೆ ಸಿಕ್ಕಿದಷ್ಟರಲ್ಲಿ, ಎರಡು ಮೂರು ದಿನದಲ್ಲಿ ಆಟಿ ಮುಗಿಸುತ್ತಾರೆ, ಆ ಮಾತು ಬೇರೆ. ಕರೆಯಲು ಬರುವುದನ್ನು ಮಾತ್ರ ಯಾರೂ ಬಿಟ್ಟಿಲ್ಲ.

ನನ್ನ ಮೈದುನ ಉಲ್ಲಾಸ ನೋಡಲಿಕ್ಕೆ ಬಹಳ ಚಂದ. ನನ್ನ ಗಂಡನನ್ನು ಹೆತ್ತದ್ದು ಅಭ್ಯಾಸಕ್ಕೆ, ಇವನನ್ನು ಹೆತ್ತದ್ದು ನಾಲ್ಕು ಜನರಿಗೆ ತೋರಿಸಲಿಕ್ಕೆ ಅಂತ ನಾನು ಅತ್ತೆಯನ್ನು ತಮಾಷೆ ಮಾಡುವುದುಂಟು. ನನ್ನ ಗಂಡ ಜಯಪ್ರಕಾಶ್ ಕುಂಬ್ರ ಜಂಕ್ಷನ್ನಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾರೆ, ಅಂಗಡಿಗೆ ತಾಗಿಯೇ ಮನೆ. ಉಲ್ಲಾಸ ಪುತ್ತೂರಿನ ಒಂದು ಕಾರು ಶೋರೂಮಿನಲ್ಲಿ ಕೆಲಸಕ್ಕಿದ್ದ. ಮರ್ಕಂಜದ ದೇರಣ್ಣ ಗೌಡರು ಅಲ್ಲಿಗೆ ಕಾರು ತೆಗೆಯಲು ಬಂದವರು ಕಾರಿನ ಜೊತೆ ಸೇಲ್ಸ್‌ಮನ್ನನ್ನೂ ತೆಗೆದುಕೊಂಡು ಹೋದರು.

ದೇರಣ್ಣ ಗೌಡರಿಗೆ ಒಬ್ಬಳೇ ಮಗಳು, ಮೋಕ್ಷಿತಾ. ತೋಟ, ರಬ್ಬರು, ಸುಳ್ಯ ಪೇಟೆಯಲ್ಲಿ ಬಾಡಿಗೆಗೆ ಕೊಟ್ಟ ಅಂಗಡಿಗಳ ಸಾಲು, ಎಲ್ಲಿ ಸಭೆಯಾದರೂ ವೇದಿಕೆಯ ಮೇಲೊಂದು ಕುರ್ಚಿ. ಹುಡುಗಿ ಮಂಗಳೂರಿನಲ್ಲಿ ಓದಿ ಬಂದು ಅಪ್ಪನ ವ್ಯವಹಾರವನ್ನೆಲ್ಲ ತಾನೇ ನೋಡಿಕೊಳ್ಳುತ್ತಾಳೆ. ಅವಳೂ ಚಂದವೇ, ಅದರಲ್ಲಿ ಮಾತಿಲ್ಲ. ಅವರದ್ದು ಒಂದೇ ಷರತ್ತು, ಹುಡುಗ ಮನೆಯಳಿಯನಾಗಿ ಬರಬೇಕು.

ಮನೆ ನೋಡಲಿಕ್ಕೆ ಬಸ್ಸಿನಲ್ಲಿ ಹೋದ ನಮ್ಮ ಅತ್ತೆ ತಿಮ್ಮಕ್ಕ ಅವರ ಕಾರಿನಲ್ಲಿ ವಾಪಸ್ಸು ಬಂದರು. ಆಮೇಲೆ ಅವರ ಕಾಲು ನೆಲಕ್ಕೆ ತಾಗಲಿಲ್ಲ. ಎದುರು ಮನೆಯ ಕದೀಜಮ್ಮನಿಗೆ ಆ ಮನೆಯ ಟೈಲ್ಸಿನ ಬಣ್ಣದಿಂದ ಹಿಡಿದು ಬಾತ್‌ರೂಮಿನ ನಲ್ಲಿಯವರೆಗೆ ವರ್ಣಿಸಿದರು. ಹುಡುಗಿಯ ಬಗ್ಗೆ ಹೇಳಿದ್ದು ಬೆಳ್ಳಗಿದ್ದಾಳೆ ಅಂತ ಮಾತ್ರ. ನಾನು ಕಪ್ಪು, ತಂದ ಚಿನ್ನವೂ ಅಷ್ಟಕ್ಕಷ್ಟೇ. ಆದ್ದರಿಂದ ಆ ಮಾತು ಯಾರಿಗೆ ಕೇಳಿಸಲಿಕ್ಕೆ ಹೇಳಿದ್ದು ಅಂತ ನನಗೆ ಗೊತ್ತಾಯಿತು.

ನಾನು ಉಲ್ಲಾಸನನ್ನು ಒಬ್ಬನೇ ಇರುವಾಗ ಹಿಡಿದು, ನಿನಗೆ ಅವಳು ಇಷ್ಟವಾ ಅಂತ ಕೇಳಿದೆ. ಅಂಥವಳನ್ನು ಇಷ್ಟ ಇಲ್ಲ ಅಂತ ಯಾರು ಹೇಳ್ತಾರೆ ಅತ್ತಿಗೆ ಅಂದ. ನಾನು ಕೇಳಿದ್ದು ಅದಲ್ಲವಾಗಿತ್ತು. ಅವನು ಆಗಲೇ ಫೋಟೋವನ್ನು ಗೆಳೆಯರಿಗೆಲ್ಲ ಕಳಿಸಿ, ಬಂದ ಉತ್ತರಗಳನ್ನು ಓದಿ ನಗುತ್ತಿದ್ದ.

ಮೇ ತಿಂಗಳಲ್ಲಿ ಸುಳ್ಯದಲ್ಲಿ ಮದುವೆ ಆಯಿತು. ಜೂನಿಗೆ ಉಲ್ಲಾಸನ ಕೆಲಸ ಹೋಯಿತು. ದೇರಣ್ಣನ ಅಳಿಯ ಊರವರಿಗೆ ಕಾರು ಮಾರುತ್ತ ನಿಲ್ಲುವುದು ಚಂದ ಅಲ್ಲ ಅಂತ ಮಾವ ಹೇಳಿದರಂತೆ, ಇವನು ಮರುದಿನವೇ ರಾಜೀನಾಮೆ ಕೊಟ್ಟ. ಆಮೇಲೆ ಮಾವನನ್ನು ಸಭೆಗಳಿಗೆ ಕರೆದುಕೊಂಡು ಹೋಗುವುದೇ ಅವನ ಕೆಲಸವಾಯಿತು. ಡ್ರೈವರ್ ಅಂತ ಯಾರೂ ಅನ್ನಲಿಲ್ಲ. ಅಳಿಯ ಅಲ್ಲ, ಮಗಳ ಗಂಡ ಅಂತ ಗಾದೆ ಉಂಟಲ್ಲ, ಹಾಗೆ. ಕಾರಿನ ಕೀ ಮಾತ್ರ ಮಾವನ ಕೋಣೆಯ ಮೊಳೆಯಲ್ಲೇ ತೂಗುತ್ತಿತ್ತು.

ಆಟಿ ಹತ್ತಿರ ಬಂದಾಗ ಆ ಮನೆಯ ಜಗಲಿಯಲ್ಲಿ ಮಾತು ಬಂತಂತೆ. ನಮ್ಮ ಹುಡುಗಿ ತವರಲ್ಲೇ ಇದ್ದಾಳೆ, ಇನ್ನು ಅವಳು ಆಟಿ ಕೂರಲಿಕ್ಕೆ ಹೋಗುವುದೆಲ್ಲಿಗೆ, ಈ ಸಲ ಅಳಿಯನೇ ಹೋಗಿ ಕೂರಲಿ ಅಂತ ದೇರಣ್ಣ ಗೌಡರು ನಗೆಯಾಡಿದರು. ಎಲ್ಲರೂ ನಕ್ಕರು, ಇವನೂ ನಕ್ಕ. ಆದರೆ ಸಂಜೆ ಮೋಕ್ಷಿತಾ, ಹೌದು, ಹೋಗಿ ಬನ್ನಿ, ಅತ್ತೆಗೂ ಖುಷಿಯಾದೀತು ಅಂದಳಂತೆ. ತಮಾಷೆ ಅಲ್ಲಿಗೆ ನಿಂತಿತು.

ಹಾಗೆ ಸೂಟ್‌ಕೇಸ್ ಹಿಡಿದು ಮೈದುನ ನಮ್ಮ ಗೇಟಿನೊಳಗೆ ಬಂದ. ಅತ್ತೆಗೆ ಮಗ ಬಂದ ಸಂತೋಷ ಒಂದು ಕಡೆ, ಊರಿಗೆ ಏನು ಹೇಳುವುದು ಅನ್ನುವ ಚಿಂತೆ ಇನ್ನೊಂದು ಕಡೆ. ರಜೆಯಲ್ಲಿ ಬಂದಿದ್ದಾನೆ ಅಂತ ಹೇಳಿಕೊಂಡು ತಿರುಗಿದರು. ಎಂಥ ರಜೆ, ಕೆಲಸವೇ ಇಲ್ಲದವನಿಗೆ? ಕದೀಜಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ನಮ್ಮ ಬ್ಯಾರಿಗಳಲ್ಲಿ ಮದುಮಗ ಹೆಂಡತಿ ಮನೆಯಲ್ಲಿ ಉಂಡು ದಪ್ಪ ಆಗಿ ಬರುದು, ನಿಮ್ಮವ ಇಳಿದು ಹೋಗಿದ್ದಾನಲ್ಲ ಅಂದರು. ಅತ್ತೆ ಕೇಳಿಸದವರ ಹಾಗೆ ಬಟ್ಟೆ ಹರಡಲು ಹೋದರು.

ಮೊದಮೊದಲು ಅವನಿಗೂ ತಮಾಷೆಯೇ. ಹಲಸಿನ ಹಣ್ಣಿನ ಕಡುಬು ತಿಂದ, ಹಗಲೆಲ್ಲ ಮಲಗಿದ, ಅಂಗಡಿಯಲ್ಲಿ ಅಣ್ಣನಿಗೆ ಮೋಟಾರು ಬಿಚ್ಚಲು ಕೈ ಕೊಟ್ಟ. ಬರಬರುತ್ತಾ ಸಂಜೆಯ ಫೋನು ಗಿಡ್ಡವಾಯಿತು. ಊಟ ಆಯ್ತಾ, ಆಯ್ತು, ಮಳೆ ಉಂಟಾ, ಉಂಟು, ಅಷ್ಟೇ. ನಾನು ಅಡುಗೆಮನೆಯಿಂದ ಕಿವಿಗೊಟ್ಟು ಕೇಳುತ್ತಿದ್ದೆ. ಅದು ನನ್ನ ಕೆಟ್ಟ ಬುದ್ಧಿ, ಇರಲಿ.

ಒಂದು ಮಧ್ಯಾಹ್ನ ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತಾ ಕೂತಿದ್ದೆ. ಅವನು ಪಕ್ಕಕ್ಕೆ ಬಂದು ಕೂತ. ಆ ಮನೆಯವರು ಕೆಟ್ಟವರಾ ಅಂತ ನಾನೇ ಕೇಳಿದೆ. ಅಯ್ಯೋ, ಯಾರೂ ಕೆಟ್ಟವರಲ್ಲ ಅಂದ. ಮೋಕ್ಷಿತಾಳ ಅಮ್ಮ ಎರಡು ಸಲ ಬಡಿಸುತ್ತಾರೆ, ಮೋಕ್ಷಿತಾ ಇಲ್ಲಿಯವರೆಗೆ ಒಂದು ಗಟ್ಟಿ ಮಾತು ಆಡಿದವಳಲ್ಲ, ನೀರು ತಂದುಕೊಟ್ಟರೂ ಥ್ಯಾಂಕ್ಸ್ ಹೇಳುತ್ತಾಳೆ. ಫಂಕ್ಷನ್ನುಗಳಲ್ಲಿ ಪಕ್ಕಕ್ಕೆ ನಿಂತು ತೋಳು ಹಿಡಿಯುತ್ತಾಳೆ, ಫೋಟೋ ಆದ ಮೇಲೆ ಬಿಡುತ್ತಾಳೆ. ಒಂದು ಜಗಳ ಆಡಿದ್ದರೂ ಸಾಕಿತ್ತು ಅಂತ ಅವನು ಹೇಳಿದ.

"ನನ್ನನ್ನು ಎಂತಕ್ಕೆ ಒಪ್ಪಿದ್ದು ಅಂತ ಒಮ್ಮೆ ಕೇಳಿದೆ ಅತ್ತಿಗೆ. ನೀವು ಅಪ್ಪನಿಗೆ ಎದುರು ಮಾತಾಡುವವರಲ್ಲ, ಒಟ್ಟಿಗೆ ನಿಂತರೆ ಚಂದ ಕಾಣ್ತದೆ ಅಂದಳು. ಸುಳ್ಳು ಹೇಳಲಿಲ್ಲ ನೋಡಿ."

ನಾನು ಇನ್ನೊಂದು ಎಲೆ ತೆಗೆದುಕೊಂಡೆ.

"ಮತ್ತೆ ಅವಳು ಕೇಳಿದಳು, ನೀವು ಎಂತಕ್ಕೆ ಒಪ್ಪಿದ್ದು ಅಂತ. ಮಾವನಿಗೆ ಸಭೆಗೆ ಹೊತ್ತಾಯಿತು ಅಂತ ನಾನು ಎದ್ದು ಹೋದೆ."

ಅವನ ಮೇಲೆ ನನಗೆ ಸಿಟ್ಟು ಬಂತು, ಕನಿಕರವೂ ಬಂತು. ಅವನು ಎಲೆಯ ನಾರನ್ನು ಬೆರಳಿಗೆ ಸುತ್ತುತ್ತಾ ಮನಸ್ಸಿನಲ್ಲಿದ್ದದ್ದನ್ನು ಹೇಳಿದ. ಸೋಣ ಹುಟ್ಟಿದ ದಿನ ಮೋಕ್ಷಿತಾ ಕರೆಯಲು ಬರುತ್ತಾಳಾ ಅಂತ ನೋಡುತ್ತಾನಂತೆ. ಬಂದರೆ ಅವಳಿಗೆ ತಾನು ಗಂಡ ಅಂತ ಅರ್ಥ, ಉಳಿದದ್ದನ್ನೆಲ್ಲ ಹೇಗಾದರೂ ಸರಿ ಮಾಡಿಕೊಳ್ಳಬಹುದು. ಬಾರದಿದ್ದರೆ ಏನು ಅಂತ ನಾನು ಕೇಳಲಿಲ್ಲ. ಫೋನು ಮಾಡಿ ಬಾ ಅನ್ನಬಹುದಲ್ಲ ಅಂದೆ. ಹೇಳಿ ಬರಿಸಿದರೆ ಅದು ಬಂದ ಹಾಗಲ್ಲ ಅಂದ.

ಅದು ನನಗೂ ಗೊತ್ತು. ನನ್ನ ತವರು ಕಡಬದ ಹತ್ತಿರ. ಮೊದಲ ಆಟಿಗೆ ಹೋಗಿ ಕೂತಾಗ ನನಗೂ ಅದೇ ಹೆದರಿಕೆ. ಅತ್ತೆಗೆ ನಾನು ಮನಸ್ಸಿಗೆ ಬಾರದ ಸೊಸೆ, ಯಾರನ್ನೂ ಕಳಿಸುವುದಿಲ್ಲವೇನೋ ಅಂದುಕೊಂಡಿದ್ದೆ. ಸೋಣದ ದಿನ ಅಮ್ಮ ಕಾಫಿಗೆ ನೀರಿಡುವ ಮೊದಲೇ ಅಂಗಳದಲ್ಲಿ ಬೈಕಿನ ಸದ್ದಾಯಿತು. ನನ್ನ ಗಂಡ, ಹಿಂದೆ ಈ ಉಲ್ಲಾಸ, ಇಬ್ಬರೂ ತೊಪ್ಪೆಯಾಗಿ ಒದ್ದೆ. ಇಷ್ಟು ಬೇಗ ಯಾರಾದರೂ ಬರುವುದುಂಟಾ ಅಂತ ನನ್ನ ಅಮ್ಮ ಬೈದರು, ಬೈಯುತ್ತಾ ಕಣ್ಣೊರೆಸಿಕೊಂಡರು. ಆಮೇಲೆ ಈ ಮನೆಯಲ್ಲಿ ನಾನು ಎಷ್ಟೋ ಮಾತು ಕೇಳಿದ್ದೇನೆ. ಆ ಬೆಳಿಗ್ಗೆಯ ಬಲದಲ್ಲೇ ತಡೆದುಕೊಂಡೆ.

ಸೋಣ ಹುಟ್ಟಿತು. ಅತ್ತೆ ಬೆಳಿಗ್ಗೆ ಬೇಗ ಎದ್ದು ಕಡ್ಲೆಬೇಳೆ ಪಾಯಸ ಮಾಡಿದರು, ಒಳ್ಳೆಯ ಸ್ಟೀಲಿನ ಲೋಟಗಳನ್ನು ತೊಳೆದಿಟ್ಟರು, ಸೋಫಾದ ಬಟ್ಟೆ ಬದಲಿಸಿದರು. ಸೊಸೆ ಬರುತ್ತಾಳೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಉಲ್ಲಾಸ ಕ್ಷೌರ ಮಾಡಿಕೊಂಡು, ಇಸ್ತ್ರಿ ಹಾಕಿದ ಅಂಗಿ ತೊಟ್ಟು ರಸ್ತೆಗೆ ಮುಖ ಮಾಡಿದ ಸಿಟೌಟಿನಲ್ಲಿ ಕೂತ. ನಮ್ಮ ಮನೆಯ ಮುಂದಿನದು ಸುಳ್ಯದ ದಾರಿ, ಕಾರುಗಳಿಗೆ ಬರಗಾಲವಿಲ್ಲ. ಒಂದೊಂದು ನಿಧಾನ ಮಾಡಿದಾಗಲೂ ಅವನ ಕುತ್ತಿಗೆ ಎದ್ದು ಮತ್ತೆ ಕೆಳಗಿಳಿಯುತ್ತಿತ್ತು. ನೋಡಲಾರದೆ ನಾನು ಒಳಗೆ ಹೋದೆ.

ಊಟದ ಹೊತ್ತು ದಾಟಿತು. ಪಾಯಸಕ್ಕೆ ಯಾರೂ ಕೈ ಹಾಕಲಿಲ್ಲ. ಕಡೆಗೆ ಅವನೇ ಹಿತ್ತಿಲಿಗೆ ಬಂದು, ನಾನು ಪಾತ್ರೆ ತೊಳೆಯುತ್ತಿದ್ದಲ್ಲಿಯೇ ನಿಂತು ಫೋನು ಮಾಡಿದ. ಮನೆಯಲ್ಲಿ ಎಂತ ವಿಶೇಷ ಅಂತ ಕೇಳಿದ. ಆ ಕಡೆಯ ಮಾತು ನನಗೂ ಕೇಳುತ್ತಿತ್ತು. ಎಂತ ಇಲ್ಲ, ತೋಟಕ್ಕೆ ಕೊಳೆರೋಗದ ಮದ್ದು ಬಿಡುದು ಮುಗಿಯಿತು, ನೀವು ಆರಾಮಾಗಿ ಇರಿ, ಇಲ್ಲಿ ಎಂತ ತೊಂದರೆ ಆಗಲಿಲ್ಲ ಅಂದಳು ಮೋಕ್ಷಿತಾ. ನಿಜವಾಗಿ ಒಳ್ಳೆಯ ದನಿಯಲ್ಲೇ ಹೇಳಿದಳು.

"ನೀನು ಬರುದಿಲ್ವಾ?" ಅಂತ ಕೇಳಿದ ಉಲ್ಲಾಸ.

"ಎಲ್ಲಿಗೆ?"

ಏನಿಲ್ಲ, ಸುಮ್ಮನೆ ಕೇಳಿದೆ ಅಂದ. ಫೋನನ್ನು ಕಿಸೆಗೆ ಹಾಕಿ, ನಾನು ತೊಳೆದಿಟ್ಟ ಪಾತ್ರೆಗಳನ್ನು ಒಂದೊಂದಾಗಿ ಒಳಗೆ ಸಾಗಿಸಿದ. ಬೇಡ ಅನ್ನಲು ನನಗೆ ಮನಸ್ಸಾಗಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಗೇಟಿನ ಮುಂದೆ ಗಾಡಿ ನಿಂತಿತು. ಅತ್ತೆ ಸೆರಗು ಸರಿಮಾಡಿಕೊಂಡು ಹೊರಗೆ ಓಡಿದರು. ದೇರಣ್ಣ ಗೌಡರ ಪಿಕಪ್ಪು, ಹಿಂದೆ ಟಾರ್ಪಾಲು ಹೊದೆಸಿದ ಗೊಬ್ಬರದ ಚೀಲಗಳು, ಮುಂದೆ ಡ್ರೈವರ್ ಡೊಂಬಯ್ಯ. ಪುತ್ತೂರಿಂದ ಗೊಬ್ಬರ ತರುವವನಿಗೆ ಗೌಡರು ಹೇಳಿ ಕಳಿಸಿದ್ದರಂತೆ, ಹೇಗೂ ದಾರಿಯಲ್ಲೇ ಅಲ್ವಾ, ಬರುವಾಗ ಉಲ್ಲಾಸನನ್ನೂ ಹತ್ತಿಸಿಕೊಂಡು ಬಾ ಅಂತ. ನಾಡಿದ್ದು ಸುಳ್ಯದಲ್ಲಿ ಯಾರದ್ದೋ ಹೊಸ ಮನೆಯ ಒಕ್ಕಲು, ಅಳಿಯ ಎಲ್ಲಿ ಅಂತ ನಾಲ್ಕು ಜನ ಕೇಳುತ್ತಾರಲ್ಲ.

ನನ್ನ ಮೈ ಉರಿಯಿತು. ಡೊಂಬಯ್ಯನಿಗೆ ಕಾಫಿ ಕೊಟ್ಟು ಕೂರಿಸಿ ಉಲ್ಲಾಸನನ್ನು ಕೋಣೆಗೆ ಕರೆದೆ. ಹೋಗಬೇಡ ಅಂದೆ. ಅವಳು ಬಂದು ಕರೆಯುವವರೆಗೆ ಇಲ್ಲೇ ಇರು, ಗಂಜಿ ಎಲ್ಲರಿಗೂ ಉಂಟು, ಶೋರೂಮಿಗೆ ಹೋಗಿ ಕೇಳಿದರೆ ಕೆಲಸ ಮತ್ತೆ ಕೊಟ್ಟಾರು ಅಂದೆ. ಅಂಗಡಿಯಿಂದ ಬಂದ ನನ್ನ ಗಂಡನೂ ಗ್ರೀಸಿನ ಕೈ ಒರೆಸಿಕೊಳ್ಳುತ್ತಾ, ಇರು ಮಾರಾಯ, ನಿನ್ನ ಮನೆಯೇ ಅಲ್ವಾ ಅಂದರು. ಉಲ್ಲಾಸ ನಮ್ಮಿಬ್ಬರನ್ನೂ ಬಿಟ್ಟು, ಹಿಂದಿನಿಂದ ಕೋಣೆಗೆ ಬಂದಿದ್ದ ಅಮ್ಮನ ಮುಖ ನೋಡಿದ. ಒಂದು ಮಾತು ಸಾಕಿತ್ತು, ಅವನು ಉಳಿಯುತ್ತಿದ್ದ. ಅದು ನನಗೆ ಈಗಲೂ ಖಂಡಿತ.

ಅತ್ತೆ ಕಿಟಕಿಯಿಂದ ಹೊರಗೆ ನೋಡಿದರು. ಕದೀಜಮ್ಮ ಗೇಟಿನ ಹತ್ತಿರ ನಿಂತಿದ್ದರು, ಪಕ್ಕದ ಅಂಗಡಿಯವನೂ ಇಣುಕುತ್ತಿದ್ದ. ಇಡೀ ಕುಂಬ್ರಕ್ಕೆ ಹೇಳಿಕೊಂಡು ತಿರುಗಿದ ಸಂಬಂಧ ಅದು.

"ಹೊಂದಿಕೊಂಡು ಹೋಗು ಮಗಾ," ಅಂದರು. "ದೊಡ್ಡವರ ಮನೆ."

ಇದೇ ಮಾತನ್ನು ನನ್ನ ಅಮ್ಮ ನನಗೆ ಹೇಳಿದ್ದರು. ಅವರಿಗೆ ಅವರ ಅಮ್ಮ ಹೇಳಿರಬೇಕು. ಹೆಣ್ಣುಮಕ್ಕಳಿಗೆ ಮಾತ್ರ ಇಟ್ಟ ಮಾತು ಅಂದುಕೊಂಡಿದ್ದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನುತ್ತಾರೆ, ಕೊಟ್ಟ ಗಂಡಿಗೆ ಗಾದೆಯೂ ಇಲ್ಲ. ಅತ್ತೆಯ ಮೇಲೆ ಅಷ್ಟು ವರ್ಷದ ಸಿಟ್ಟು ಇತ್ತು ನನಗೆ. ಆದರೆ ಅವರು ಪಾಯಸವನ್ನು ಟಿಫಿನ್ ಕ್ಯಾರಿಯರಿಗೆ ಹಾಕುವಾಗ ಕಣ್ಣು ಮಗನ ಮೇಲೆಯೇ ಇದ್ದು ಅರ್ಧ ಕೆಳಗೆ ಚೆಲ್ಲಿತು. ನಾನು ಅವರ ಕೈಯಿಂದ ಸೌಟು ತೆಗೆದುಕೊಂಡು ಉಳಿದದ್ದನ್ನು ಹಾಕಿದೆ.

ಉಲ್ಲಾಸ ಸೂಟ್‌ಕೇಸನ್ನು ಗೊಬ್ಬರದ ಚೀಲಗಳ ಮೇಲೆ ಇಟ್ಟು ಟಾರ್ಪಾಲು ಎಳೆದ. ಅಣ್ಣನ ಹತ್ತಿರ ಬರ್ತೇನೆ ಅಂದ. ಟಿಫಿನ್ ಕ್ಯಾರಿಯರ್ ತೆಗೆದುಕೊಂಡು ಬಾಗಿಲು ತೆರೆದವನು ಹತ್ತದೆ ನನ್ನ ಕಡೆ ತಿರುಗಿದ.

"ನಿಮ್ಮ ಆಟಿ ಮುಗಿದ ದಿನ ಅಣ್ಣ ನನ್ನನ್ನು ಎಬ್ಬಿಸುವಾಗ ಇನ್ನೂ ಕತ್ತಲೆ ಅತ್ತಿಗೆ," ಅಂದ. "ಹೆಂಡತಿ ಎಲ್ಲಿಗೂ ಓಡಿ ಹೋಗುದಿಲ್ಲ, ಇಷ್ಟು ಬೇಗ ಎಂತಕ್ಕೆ ಅಂತ ನಾನು ದಾರಿಯುದ್ದಕ್ಕೂ ಅಣ್ಣನಿಗೆ ಬೈದಿದ್ದೆ."