ಹೊತ್ತು ಮುಳುಗಿದ ಮೇಲಿನ ತಪಾಸಣೆ

ಕಲ್ಲಿದ್ದಲಿನ ಕರೆಂಟೊಂದೇ ಸಾಲದು, ಇನ್ನು ನಗರದ ಮನೆಮನೆಯ ತಾರಸಿಯ ಬಿಸಿಲಿನ ಕರೆಂಟನ್ನೂ ವಿದ್ಯುತ್ ಕಂಪನಿ ಕೊಳ್ಳಬೇಕು ಎಂದು ನಿಯಂತ್ರಣ ಆಯೋಗ ಅಪ್ಪಣೆ ಮಾಡಿ ವರ್ಷವಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡನಲ್ಲ. ತಾರಸಿಗೆ ಸೋಲಾರ್ ಹಲಗೆ ಹಾಕಿಸಿ, ಕರೆಂಟು ಮಾರಲು ಅರ್ಜಿ ಕೊಟ್ಟಿದ್ದ ದರ್ಜಿಯಕ್ಕನ ಪಾಲಿಗೆ ಆ ಪೂಜಾರಿ ಮೀಟರು ತಪಾಸಣೆಯವನು.

ಆ ಹಲಗೆಗಳು ಕರೆಂಟು ಹುಟ್ಟಿಸುತ್ತಿರುವುದನ್ನು ಅವನು ಕಣ್ಣಾರೆ ಕಂಡೇ ಸಹಿ ಹಾಕಬೇಕೆಂದು ನಿಯಮ. ತೊಂಬತ್ತು ದಿನದೊಳಗೆ ಸಹಿ ಬೀಳದಿದ್ದರೆ ಅರ್ಜಿ ಸತ್ತಂತೆ. ಅವನೋ ಹಗಲೆಲ್ಲ ಲೈನು ರಿಪೇರಿ ಮಾಡಿ, ಮೆಟ್ಟಿಲು ಹತ್ತುತ್ತಿದ್ದುದು ಹೊತ್ತು ಮುಳುಗಿದ ಮೇಲೆ. ಟಾರ್ಚು ಹಿಡಿದು ಮೀಟರು ನೋಡಿ, "ಉತ್ಪಾದನೆ ಇಲ್ಲ" ಎಂದು ಬರೆದು ಇಳಿಯುತ್ತಿದ್ದ. ಸೂರ್ಯ ಮಲಗಿದ ಮೇಲೆ ಸೂರ್ಯನ ಸಾಕ್ಷಿ ಕೇಳುವ ರಾಕ್ಷಸನನ್ನು ಯಾವ ಅಜ್ಜಿಯೂ ಕತೆಯಲ್ಲಿ ತಂದಿರಲಿಲ್ಲ.

"ಮಧ್ಯಾಹ್ನ ಬಾರಪ್ಪ," ಎಂದು ದರ್ಜಿಯಕ್ಕನ ಅತ್ತೆ ಹೇಳಿ ನೋಡಿದ್ದರು.

"ಅಜ್ಜಿ, ನಾನು ಕಂಡದ್ದನ್ನ ಬರೀತೀನಿ. ಕಾಣದ್ದನ್ನ ಬರೆದ್ರೆ ಕೆಲಸ ಹೋಗುತ್ತೆ."

ಅದು ಸುಳ್ಳಲ್ಲ. ದರ್ಜಿಯಕ್ಕನಿಗೆ ಮೈ ಉರಿದದ್ದೂ ಅದಕ್ಕೇ. ಎರಡು ಅರ್ಜಿ ಸತ್ತಿದ್ದವು. ಮೂರನೆಯದಕ್ಕೆ ಇಂದು ತೊಂಬತ್ತನೆಯ ದಿನ.

ಇಂದೇ ಆಯೋಗದ ಬಹಿರಂಗ ವಿಚಾರಣೆ, ಅವಳ ಬೀದಿಯ ತುದಿಯ ಸಭಾಂಗಣದಲ್ಲಿ. ಬೆಳಿಗ್ಗೆಯಿಂದ ಕಾದವಳ ಸರದಿ ಬಂದಾಗ ಮೂರು ಗಂಟೆ. ಅಳತೆಪಟ್ಟಿ ಇನ್ನೂ ಕೊರಳಲ್ಲೇ ಇತ್ತು.

"ಇಂಥ ಹೊತ್ತಿಗೇ ತಪಾಸಣೆ ಆಗ್ಬೇಕು ಅಂತ ನಿಯಮದಲ್ಲಿಲ್ಲ, ಮೇಡಂ," ಎಂದರು ಕಂಪನಿಯ ವಕೀಲರು, ಅವಳ ದೂರಿಗೆ ಉತ್ತರವಾಗಿ.

ಆಯೋಗದ ಅಧ್ಯಕ್ಷೆ ಕನ್ನಡಕ ತೆಗೆದರು. "ಪರಿಶೀಲಿಸಿ ಮುಂದಿನ ತಿಂಗಳು ಆದೇಶ ಮಾಡ್ತೀವಿ."

"ಅಷ್ಟೊತ್ತಿಗೆ ನನ್ನ ಅರ್ಜಿಯ ಮೂಳೆಯೂ ಸಿಗಲ್ಲ, ಅಮ್ಮ," ಎಂದಳು ದರ್ಜಿಯಕ್ಕ. "ಕಂಪನಿಯೋರು ಸಾಕ್ಷಿಗೆ ಅಂತ ಕರೆಸಿದ ತಪಾಸಣೆಯಣ್ಣ ಹಿಂದಿನ ಬೆಂಚಲ್ಲೇ ತೂಕಡಿಸ್ತಿದ್ದಾರೆ. ಹೊರಗೆ ಬಿಸಿಲಿದೆ. ನಮ್ಮನೆ ಇಲ್ಲಿಂದ ಎಂಟನೇದು. ಇನ್ನೇನು, ಪಲ್ಲಕ್ಕಿ ತರಿಸಲಾ?"

ಸಭೆ ನಕ್ಕಿತು. ಅಧ್ಯಕ್ಷೆ ನಗಲಿಲ್ಲ, ಹಿಂದಿನ ಬೆಂಚಿನತ್ತ ಬೆರಳು ಮಾಡಿದರು. "ಹೋಗಿ ನೋಡ್ಕೊಂಡು ಬನ್ನಿ."

ತಾರಸಿಯಲ್ಲಿ ಮೀಟರಿನ ಅಂಕಿ ಸರಸರ ಏರುತ್ತಿತ್ತು. ತಪಾಸಣೆಯವನು ಬಗ್ಗಿ ನೋಡಿದ. "ಓಡ್ತಿದೆಯಲ್ಲಕ್ಕ."

"ಒಂಬತ್ತು ತಿಂಗಳಿಂದ ಓಡ್ತಿದೆ. ಇಷ್ಟರಲ್ಲಿ ಒಂದು ಹೆರಿಗೆ ಆಗ್ತಿತ್ತು. ಸಹಿ ಹಾಕಿ."

ಹಾಕಿದ. ಅಷ್ಟರಲ್ಲಿ ಪಕ್ಕದ ತಾರಸಿಯಿಂದೊಂದು ತಲೆ ಎದ್ದಿತು, ಅದರಾಚೆಯಿಂದ ಇನ್ನೊಂದು. "ಅಣ್ಣಾ, ನಮ್ದೂ ಇದೆ." "ನಮ್ಮ ಅರ್ಜಿ ನಾಳೆ ಸಾಯುತ್ತೆ ಅಣ್ಣಾ."

"ಅದಕ್ಕೇನಂತೆ," ಎಂದ ಅವನು, ಬಲು ಸೌಜನ್ಯದಿಂದ. "ಸಂಜೆ ಬರ್ತೀನಿ."

ದರ್ಜಿಯಕ್ಕ ಕಣ್ಣು ಮುಚ್ಚಿ ಹತ್ತರವರೆಗೆ ಎಣಿಸಿದಳು. ಆಮೇಲೆ ಅವನ ಕೈಯಿಂದ ಪೆನ್ನು ಕಿತ್ತುಕೊಂಡು ಮೆಟ್ಟಿಲಿಳಿಯತೊಡಗಿದಳು.

"ಪೆನ್ನು ಬೇಕಿದ್ರೆ ಪಕ್ಕದ ತಾರಸಿಗೆ ಬನ್ನಿ."