ಲೈಮನ್ ಕೂರಿಸಿದ ಮುಳ್ಳು

ಒಕ್ಲಹೋಮಾದ ಬಂದೂಕಿನಂಗಡಿಯೊಂದರಲ್ಲಿ ಮುದುಕ ಎಲ್ಡನ್ ತನ್ನ ಪಿಸ್ತೂಲಿಗೆ, ಗುರಿಯ ಮೇಲೆ ಬೆಳಕಿನ ಚುಕ್ಕೆ ಬೀಳಿಸುವ ಲೇಸರ್ ಆರಿಸುತ್ತಿದ್ದ. ಗುರಿ ನೋಡುವ ಮುಳ್ಳನ್ನು ಗೆಳೆಯ ಲೈಮನ್ ಬದಲಿಸಿಕೊಟ್ಟಾಗಿನಿಂದ ಅವನ ಗುಂಡುಗಳು ಗುರಿ ತಪ್ಪುತ್ತಿದ್ದವು. ಪಿಸ್ತೂಲು ಕೆಡಿಸಿದೆಯೆಂದು ಶೂಟಿಂಗ್ ಕ್ಲಬ್ಬಿನಲ್ಲಿ ಎಲ್ಲರೆದುರು ಬೈದು, ಮೂರು ವರ್ಷ ಅವನೊಡನೆ ಮಾತು ಬಿಟ್ಟಿದ್ದ.

"ಹಸಿರು ತಗೊಳ್ಳಿ ತಾತ, ಹಗಲಲ್ಲೂ ಕಾಣ್ಸುತ್ತೆ," ಎಂದು ಅಂಗಡಿಯ ಡಾರ್ಲಾ ಖಾಲಿ ಪಿಸ್ತೂಲಿಗೆ ಲೇಸರ್ ಸಿಕ್ಕಿಸಿಕೊಟ್ಟಳು. ಎಲ್ಡನ್ ಗುರಿ ಹಿಡಿದ. ಎದುರು ಗೋಡೆಯ ಮೇಲೆ ಹಸಿರು ಚುಕ್ಕೆ ಗಡಗಡ ನಡುಗಿತು.

"ಇದೂ ಕೆಟ್ಟಿದೆ ಕಣಮ್ಮ."

ಡಾರ್ಲಾ ಪಿಸ್ತೂಲನ್ನು ಇಸಿದುಕೊಂಡು ತಾನೇ ಗುರಿ ಹಿಡಿದಳು. ಚುಕ್ಕೆ ಅಲುಗಲಿಲ್ಲ.

"ಮುಳ್ಳೂ ಚುಕ್ಕೆಗೆ ನೆಟ್ಟಗೇ ಕೂತಿದೆಯಲ್ಲ ತಾತ! ಯಾರು ಕೂರಿಸಿದ್ದು? ಒಳ್ಳೆ ಕೆಲಸಗಾರ."

ಎಲ್ಡನ್ ತನ್ನ ಬಲಗೈಯನ್ನೇ ನೋಡುತ್ತಿದ್ದ.

"ಲೈಮನ್ ಅಂತ," ಎಂದ. "ಮಾರ್ಚಲ್ಲಿ ಮಣ್ಣು ಮಾಡಿದ್ರು. ನಾನು ಹೋಗ್ಲಿಲ್ಲ."